ಪಕ್ಕದ ಸೈಟಿನಲ್ಲಿ ಬೇಸ್‌ಮೆಂಟ್ ಅಗೆದು ಈ ಕಡೆ ಮನೆ ಬಿರುಕು ಬಿಟ್ಟರೆ ಹೊಣೆ ಯಾರದು?

ಕೆಂಪುಮಣ್ಣು
ಬೆಂಗಳೂರಿನ 30x40 ಸೈಟುಗಳಲ್ಲಿ ಈಗ ಎಲ್ಲರೂ ಕಾರು ನಿಲ್ಲಿಸೋಕೆ ಬೇಸ್‌ಮೆಂಟ್ ಬೇಕು ಅಂತಾರೆ. ವಿಷಯ ಇಷ್ಟು. ಪಕ್ಕದ ಸೈಟಿನಲ್ಲಿ ಜೆಸಿಬಿ ತಂದು 11 ಅಡಿ ಅಗೆದಿದ್ದಾರೆ. ಈ ಕಡೆ ಮನೆಗೆ 14 ವರ್ಷ, ಸೈಜುಗಲ್ಲಿನ ಪಾಯ, ಆಳ ನಾಲ್ಕೂವರೆ ಅಡಿ. ಅಗೆದ ಬದಿಯ ಗೋಡೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಬಿರುಕು ಬಂದಿದೆ, ಒಂದು ಬಾಗಿಲು ಹಾಕೋಕೆ ಆಗ್ತಿಲ್ಲ. ಮಾಲೀಕರನ್ನು ಕೇಳಿದರೆ "ಕಂಟ್ರಾಕ್ಟರ್‌ನ ಕೇಳಿ" ಅಂತಾರೆ. ಕಂಟ್ರಾಕ್ಟರ್ "ನಿಮ್ಮ ಮನೇನೇ ಹಳೇದು" ಅಂತಾನೆ. ಇಬ್ಬರೂ ಹೇಳೋದು ಒಂದೇ ಮಾತು, ಬೇಕು ಅಂತ ಮಾಡಿಲ್ಲ. ಬೇಕು ಅಂತ ಮಾಡದಿದ್ದರೆ ಪರಿಹಾರ ಕೇಳೋ ಹಾಗಿಲ್ಲವೇ? ಯಾರ ಮೇಲೆ, ಎಲ್ಲಿ, ಏನಂತ ಕೇಳಬೇಕು? ತಿಳಿದವರು ವಿವರವಾಗಿ ಹೇಳಿ.

ಗುಂಡಪ್ಪನ_ಬೀದಿ
ಬಿರುಕಿಗೆ ಗಾರೆ ಮೆತ್ತಿಸಬೇಡಿ. ಮಿಕ್ಕಿದ್ದು ಆಮೇಲೆ.

ಸಿವಿಲ್_ಸೈಡ್_ವಕೀಲ
ಮೊದಲ ಪ್ರಶ್ನೆಗೆ ನೇರ ಉತ್ತರ: ಉದ್ದೇಶ ಬೇಕಾಗಿಲ್ಲ. ಸಿವಿಲ್ ಕಾನೂನಿನಲ್ಲಿ ನಿರ್ಲಕ್ಷ್ಯ ಅಂದರೆ, ಎಚ್ಚರಿಕೆ ವಹಿಸುವ ಕರ್ತವ್ಯ ಇತ್ತು, ಅದನ್ನು ಮುರಿದರು, ಅದರಿಂದಲೇ ಹಾನಿ ಆಯಿತು, ಆ ಹಾನಿ ಮುಂಚೆಯೇ ಊಹಿಸಬಹುದಾದದ್ದಾಗಿತ್ತು. ಇಷ್ಟನ್ನು ರುಜುವಾತು ಮಾಡಿದರೆ ಸಾಕು. 11 ಅಡಿ ಅಗೆದರೆ ಪಕ್ಕದ ಪಾಯ ಅಲುಗಬಹುದು ಅಂತ ಊಹಿಸೋಕೆ ಯಾವ ವಿಶೇಷ ಜ್ಞಾನವೂ ಬೇಡ.

ಎರಡನೇದು, "ಕಂಟ್ರಾಕ್ಟರ್‌ನ ಕೇಳಿ" ಅನ್ನೋದು ಕೋರ್ಟಿನಲ್ಲಿ ನಿಲ್ಲಲ್ಲ. ಸಾಮಾನ್ಯವಾಗಿ ಸ್ವತಂತ್ರ ಗುತ್ತಿಗೆದಾರನ ತಪ್ಪಿಗೆ ಕೆಲಸ ಕೊಟ್ಟವನು ಹೊಣೆ ಅಲ್ಲ, ನಿಜ. ಆದರೆ ಪಕ್ಕದವರ ಆಧಾರ ತೆಗೆಯೋಂಥ ಅಪಾಯದ ಕೆಲಸಕ್ಕೆ ಆ ವಿನಾಯಿತಿ ಇಲ್ಲ. ಇಂಗ್ಲೆಂಡಿನ ಬೋವರ್ ವಿರುದ್ಧ ಪೀಟ್ (1876) ಇದೇ ಥರದ ಪ್ರಕರಣ: ಪಕ್ಕದಲ್ಲಿ ಅಗೆತ, ಕಂಟ್ರಾಕ್ಟರ್ ಮೇಲೆ ಹೊಣೆ ಹಾಕಿದ್ದ ಮಾಲೀಕ. ಮಾಲೀಕನೇ ಹೊಣೆ ಅಂತ ತೀರ್ಪಾಯಿತು. 1881ರ ಡಾಲ್ಟನ್ ವಿರುದ್ಧ ಆಂಗಸ್‌ನಲ್ಲೂ ಅದೇ ತತ್ವ. ಹಾಗಾಗಿ ಮಾಲೀಕ, ಕಂಟ್ರಾಕ್ಟರ್ ಇಬ್ಬರನ್ನೂ ಪ್ರತಿವಾದಿ ಮಾಡಿ. ನಕ್ಷೆ ಮಾಡಿದ ಎಂಜಿನಿಯರ್ ಅಗೆತದ ಉಸ್ತುವಾರಿಯನ್ನೂ ನೋಡಿಕೊಂಡಿದ್ದರೆ ಅವರನ್ನೂ ಸೇರಿಸಿ. ಅವರವರ ಪಾಲು ಅವರು ಆಮೇಲೆ ಹಂಚಿಕೊಳ್ಳಲಿ.

ಹೊಸಸೈಟು_ರಮೇಶ
ಹಾಗಾದ್ರೆ ಪಕ್ಕದಲ್ಲಿ ಹಳೇ ಮನೆ ಇದೆ ಅಂತ ನಮ್ಮ ಸೈಟಿನಲ್ಲಿ ನಾವು ಬೇಸ್‌ಮೆಂಟ್ ಮಾಡೋ ಹಾಗೇ ಇಲ್ವಾ? ಪ್ಲಾನ್ ಸ್ಯಾಂಕ್ಷನ್ ಆಗಿದ್ರೆ ಇವರೇನು ಕೇಳೋದು?

ಸಿವಿಲ್_ಸೈಡ್_ವಕೀಲ
@ಹೊಸಸೈಟು_ರಮೇಶ ಮಾಡಬಹುದು, ಪಕ್ಕದವರ ಆಧಾರ ಉಳಿಸಿಕೊಂಡು ಮಾಡಬೇಕು. ಪ್ಲಾನ್ ಮಂಜೂರಾತಿ ಅಂದರೆ ಪಾಲಿಕೆ ಕಟ್ಟೋಕೆ ಒಪ್ಪಿದೆ ಅಂತ ಮಾತ್ರ, ಪಕ್ಕದವರ ಹಕ್ಕು ಹೋಯಿತು ಅಂತ ಅಲ್ಲ.

ಇಲ್ಲಿ ಒಂದು ಸೂಕ್ಷ್ಮ ಇದೆ, ಬಹಳ ಜನ ತಪ್ಪೋದು ಇಲ್ಲೇ. 1882ರ ಈಸ್‌ಮೆಂಟ್ ಕಾಯ್ದೆಯ (ಅಕ್ಕಪಕ್ಕದ ಜಾಗಗಳ ನಡುವಿನ ಹಕ್ಕುಗಳ ಕಾನೂನು) 7ನೇ ಸೆಕ್ಷನ್ನಿನ ಪ್ರಕಾರ ನೆಲಕ್ಕೆ ಪಕ್ಕದ ನೆಲದ ಆಧಾರ ಸಹಜ ಹಕ್ಕು. ಈ ಹಕ್ಕು ಸಾಬೀತು ಮಾಡೋಕೆ ನಿರ್ಲಕ್ಷ್ಯ ತೋರಿಸಬೇಕಾಗಿಲ್ಲ. ಆದರೆ ಅದು ಸಹಜ ಸ್ಥಿತಿಯ ನೆಲಕ್ಕೆ ಮಾತ್ರ, ಮೇಲೆ ನಿಂತ ಕಟ್ಟಡದ ಭಾರಕ್ಕೆ ಅಲ್ಲ. ಕಟ್ಟಡಕ್ಕೆ ಆಧಾರದ ಹಕ್ಕು ಬರಬೇಕಾದರೆ 15ನೇ ಸೆಕ್ಷನ್ನಿನಂತೆ 20 ವರ್ಷ ಅಡೆತಡೆ ಇಲ್ಲದೆ ಆ ಆಧಾರ ಸಿಕ್ಕಿರಬೇಕು. ಕೆಂಪುಮಣ್ಣು ಅವರು ಹೇಳಿದ ಮನೆಗೆ 14 ವರ್ಷ. ಅಂದರೆ ಆ ದಾರಿ ಮುಚ್ಚಿದೆ.

ಆಗ ದಾವೆಯಲ್ಲಿ ಎರಡು ವಾದ ಹಿಡಿಯಬೇಕು. ಒಂದು, ಮನೆಯ ಭಾರ ಇಲ್ಲದಿದ್ದರೂ ಆ ಮಣ್ಣು ಕುಸಿಯುತ್ತಿತ್ತು ಅನ್ನೋದು. ಅದು ಸಾಬೀತಾದರೆ ಮನೆಗಾದ ಹಾನಿಯೂ ಪರಿಹಾರದ ಲೆಕ್ಕಕ್ಕೆ ಬರುತ್ತದೆ. ಇನ್ನೊಂದು, ನೇರ ನಿರ್ಲಕ್ಷ್ಯ. ಎರಡನ್ನೂ ಪರ್ಯಾಯವಾಗಿ ಬರೆಯಿರಿ, ಒಂದನ್ನೇ ನಂಬಿ ಕೂರಬೇಡಿ.

ಮಣ್ಣುಪರೀಕ್ಷೆ
ಸ್ಟ್ರಕ್ಚರಲ್ ಕಡೆಯಿಂದ ಹೇಳ್ತೀನಿ, ಯಾಕಂದ್ರೆ "ನಿರ್ಲಕ್ಷ್ಯ" ಸಾಬೀತಾಗೋದು ಇಲ್ಲೇ.

ಪಕ್ಕದ ಪಾಯದ ತಳದ ಹೊರ ಅಂಚಿನಿಂದ 45 ಡಿಗ್ರಿ ಕೆಳಮುಖವಾಗಿ ಗೆರೆ ಎಳೀರಿ. ಅಗೆತ ಆ ಗೆರೆ ದಾಟಿ ಒಳಗೆ ಬಂದರೆ ಪಾಯಕ್ಕೆ ಆಧಾರ ಕೊಡೋ ಮಣ್ಣನ್ನೇ ತೆಗೆದ ಹಾಗೆ. ಲೆಕ್ಕ ನೋಡಿ. ಪಾಯದ ತಳ 4.5 ಅಡಿಯಲ್ಲಿ, ಗುಂಡಿ 11 ಅಡಿ, ವ್ಯತ್ಯಾಸ 6.5 ಅಡಿ. ಅಂದರೆ ಪಾಯದ ಅಂಚಿನಿಂದ ಕನಿಷ್ಠ 6.5 ಅಡಿ ದೂರದಲ್ಲಿ ಅಗೆತ ನಿಲ್ಲಬೇಕು, ಇಲ್ಲಾ ರಕ್ಷಣೆ ಕೊಟ್ಟು ಅಗೀಬೇಕು. ಈ ಸೈಟುಗಳಲ್ಲಿ ಬದಿಗೆ ಬಿಡೋದೇ ಮೂರಡಿ, ಅದರಲ್ಲೂ ಪಾಯ ಗೋಡೆಗಿಂತ ಆಚೆ ಚಾಚಿರುತ್ತೆ. ಲೆಕ್ಕ ಎಲ್ಲಿಂದ ಕೂಡಬೇಕು?

ರಕ್ಷಣೆ ಅಂದ್ರೆ ಏನು ಮಾಡಬೇಕಿತ್ತು? ಒಂದೇ ದಿನ ಇಡೀ ಬದಿ ಅಗೆಯೋ ಹಾಗಿಲ್ಲ. ಸುಮಾರು ಒಂದು ಮೀಟರ್ ಅಗಲದ ತುಂಡು ಅಗೆದು, ಪಕ್ಕದ ಎರಡು ತುಂಡು ಹಾಗೇ ಬಿಟ್ಟು, ಅಗೆದ ಕಡೆ ರೀಟೇನಿಂಗ್ ವಾಲ್ (ಮಣ್ಣು ತಡೆಯೋ ತಡೆಗೋಡೆ) ಎಬ್ಬಿಸಿ, ಕಾಂಕ್ರೀಟು ಗಟ್ಟಿಯಾದ ಮೇಲೆ ಮುಂದಿನ ತುಂಡಿಗೆ ಹೋಗಬೇಕು. ಇಲ್ಲಾಂದ್ರೆ ಅಗೆಯೋಕೆ ಮುಂಚೆ ಅಂಚಿನುದ್ದಕ್ಕೂ ಸಾಲು ಪೈಲ್ (ನೆಲದೊಳಗೆ ಇಳಿಸೋ ಕಂಬ) ಹಾಕಬೇಕು, ಅಥವಾ ಸಾಯಿಲ್ ನೇಲಿಂಗ್ (ಮಣ್ಣಿನೊಳಗೆ ಸರಳು ಕೂರಿಸೋದು) ಮಾಡಿ ಶಾಟ್‌ಕ್ರೀಟ್ (ಒತ್ತಡದಿಂದ ಚಿಮ್ಮಿಸೋ ಕಾಂಕ್ರೀಟು) ಹೊಡೀಬೇಕು. ಅಗೆತದ ಸುರಕ್ಷತೆಯ ಭಾರತೀಯ ಮಾನದಂಡ ಐಎಸ್ 3764ರಲ್ಲಿ ಒಂದೂವರೆ ಮೀಟರ್‌ಗಿಂತ ಆಳದ ಕಂದಕಕ್ಕೇ ಆಸರೆ ಕೊಡಿ ಅಥವಾ ಇಳಿಜಾರು ಬಿಡಿ ಅಂತ ಇದೆ. ಇಲ್ಲಿ ಆಳ ಮೂರು ಮೀಟರ್ ದಾಟಿದೆ.

ನಮ್ಮ ಕೆಂಪುಮಣ್ಣು ಒಣಗಿದ್ದಾಗ ಗೋಡೆ ಥರ ನೆಟ್ಟಗೆ ನಿಲ್ಲುತ್ತೆ. ಅದನ್ನ ನೋಡಿ ಮೇಸ್ತ್ರಿ "ಏನಾಗಲ್ಲ ಸಾರ್" ಅಂತಾನೆ. ಮಳೆ ಬಂದು ಮೇಲಿನ ಸೀಳಿಗೆ ನೀರು ಇಳಿದ ದಿನ ಹೋಳು ಹೋಳಾಗಿ ಬೀಳುತ್ತೆ. ಅಗೆದ ಮಣ್ಣನ್ನ ಅಂಚಿನಲ್ಲೇ ಗುಡ್ಡೆ ಹಾಕಿದ್ರೆ ಆ ಭಾರವೂ ಸೇರಿಕೊಳ್ಳುತ್ತೆ. ಗುಂಡಿಯ ನೀರನ್ನ ಪಂಪ್ ಇಟ್ಟು ಎತ್ತುವಾಗ ನೀರಿನ ಜೊತೆ ನುಣ್ಣನೆ ಮಣ್ಣು ಹೋಗ್ತಿದ್ರೆ ಇನ್ನೂ ಕೆಟ್ಟದ್ದು, ಪಾಯದ ಅಡಿ ಪೊಳ್ಳಾಗುತ್ತೆ. ಪಂಪಿನ ನೀರು ಕೆಂಪಗೆ ಬರ್ತಿದ್ರೆ ಒಂದು ಬಾಟಲಿಯಲ್ಲಿ ಹಿಡಿದಿಟ್ಟು ವಿಡಿಯೋ ಮಾಡಿ.

ಶಾರದಾ_ಜಯನಗರ
@ಮಣ್ಣುಪರೀಕ್ಷೆ ಹಳೇ ಬಿರುಕು ಯಾವುದು, ಹೊಸದು ಯಾವುದು ಅಂತ ಗುರುತಿಸೋದು ಹೇಗೆ ಸರ್? ಎದುರಿನವರು "ಇದು ಮೊದಲೇ ಇತ್ತು" ಅಂದೇ ಅಂತಾರೆ.

ಮಣ್ಣುಪರೀಕ್ಷೆ
@ಶಾರದಾ_ಜಯನಗರ ಮೇಡಂ, ಬಿರುಕಿನ ಆಕಾರವೇ ಬಹಳಷ್ಟು ಹೇಳುತ್ತೆ. ಗಾರೆ ಮೇಲೆ ಜೇಡರ ಬಲೆ ಥರ ಕೂದಲೆಳೆ ಬಿರುಕು ಇದ್ರೆ ಅದು ಗಾರೆ ಒಣಗಿದ್ದರಿಂದ ಬಂದದ್ದು. ಮೇಲ್ಛಾವಣಿಯ ಕೆಳಗೆ ಅಡ್ಡಕ್ಕೆ ಉದ್ದ ಗೆರೆ ಇದ್ರೆ ಬಿಸಿಲಿನಿಂದ. ಕಾಲಂ ಮತ್ತು ಇಟ್ಟಿಗೆ ಸೇರೋ ಕಡೆ ನೆಟ್ಟಗೆ ಬಂದಿದ್ದರೆ ಎರಡು ಬೇರೆ ಸಾಮಗ್ರಿ ಸೇರಿದ ಕಾರಣ. ಇವಕ್ಕೆ ಪಕ್ಕದವರನ್ನ ದೂರಬೇಡಿ, ಕೇಸಿನ ಬೆಲೆ ಕಡಿಮೆ ಆಗುತ್ತೆ.

ಪಾಯ ಇಳಿದ ಬಿರುಕು ಕಲ್ಲು ಇಟ್ಟಿಗೆಯ ಸಂದಿ ಹಿಡಿದು ಓರೆಯಾಗಿ ಹೋಗುತ್ತೆ. ಗುಂಡಿ ಕಡೆಯ ಮೂಲೆ ಇಳಿದಿದ್ರೆ ಮೇಲೆ ಅಗಲ, ಕೆಳಗೆ ಸಣ್ಣ. ನೆಲದ ಟೈಲ್‌ಗೂ ಸ್ಕರ್ಟಿಂಗ್‌ಗೂ (ಗೋಡೆ ಬುಡದ ಪಟ್ಟಿ) ನಡುವೆ ಸಂದು, ಬಾಗಿಲ ಚೌಕಟ್ಟು ಓರೆ, ಗುಂಡಿಯಿಂದ ದೂರದ ಕೋಣೆಗಳಲ್ಲಿ ಏನೂ ಇಲ್ಲ. ಇಷ್ಟೂ ಒಟ್ಟಿಗೆ ಇದ್ರೆ ಕಾರಣ ಸ್ಪಷ್ಟ. ಹಳೇ ಬಿರುಕಿನ ಒಳಗೆ ಬಣ್ಣ, ಧೂಳು, ಜೇಡ ಇರುತ್ತೆ. ಹೊಸದರ ಒಳಮೈ ಶುಭ್ರವಾಗಿ ಚೂಪಾಗಿರುತ್ತೆ. ಇದನ್ನ ಹತ್ತಿರದಿಂದ ಫೋಟೋ ತೆಗೀಬೇಕು, ಪಕ್ಕದಲ್ಲಿ ಸ್ಕೇಲ್ ಇಟ್ಟು.

ಈಗಲೇ ಮಾಡಬೇಕಾದ್ದು: ಬಿರುಕಿನ ಎರಡೂ ಬದಿಗೆ ಒಂದೊಂದು ಸ್ಕ್ರೂ ಕೂರಿಸಿ, ವಾರಕ್ಕೊಮ್ಮೆ ವರ್ನಿಯರ್‌ನಲ್ಲಿ (ಮಿಲಿಮೀಟರಿನ ಭಾಗವನ್ನೂ ಅಳೆಯೋ ಸಾಧನ) ನಡುವಿನ ಅಂತರ ಅಳೆದು ಬರೆದಿಡಿ. ಗಾಜಿನ ಪಟ್ಟಿ ಅಂಟಿಸೋದೂ ಇದೆ, ಆದರೆ ಅದು ಒಡೆದರೆ ಅಲುಗಿದೆ ಅಂತ ಗೊತ್ತಾಗುತ್ತೆ ಅಷ್ಟೇ, ಎಷ್ಟು ಅಂತ ಗೊತ್ತಾಗಲ್ಲ.

ಪೇಟೆ_ಹುಡುಗ
ಇಷ್ಟೆಲ್ಲಾ ಯಾಕೆ? ಸ್ಟೇಷನ್‌ಗೆ ಒಂದು ಕಂಪ್ಲೇಂಟ್ ಕೊಟ್ರೆ ಮುಗೀತು. ಇಲ್ಲಾ ಗ್ರಾಹಕರ ಕೋರ್ಟಿಗೆ ಹಾಕಿ, ವಕೀಲರೂ ಬೇಡ.

ಸಿವಿಲ್_ಸೈಡ್_ವಕೀಲ
@ಪೇಟೆ_ಹುಡುಗ ಗ್ರಾಹಕರ ಆಯೋಗ ಬರೋದೇ ಇಲ್ಲ. ಈ ಮನೆಯವರು ಪಕ್ಕದವರಿಂದ ಯಾವ ಸೇವೆಯನ್ನೂ ದುಡ್ಡು ಕೊಟ್ಟು ಪಡೆದಿಲ್ಲ, ಗ್ರಾಹಕರು ಹೇಗಾಗ್ತಾರೆ? ಅರ್ಜಿ ಹಾಕಿ ವರ್ಷ ಕಳೆದು ವಾಪಸ್ ಬರೋದು ಯಾಕೆ?

ಪೊಲೀಸ್ ದೂರಿಗೆ ಜಾಗ ಇದೆ. ಕಟ್ಟಡ ಕೆಡವುವಾಗ, ಕಟ್ಟುವಾಗ ಜೀವಕ್ಕೆ ಅಪಾಯ ಆಗದಂತೆ ಎಚ್ಚರಿಕೆ ವಹಿಸದಿದ್ದರೆ ಭಾರತೀಯ ನ್ಯಾಯ ಸಂಹಿತೆಯ 290ನೇ ಸೆಕ್ಷನ್ ಇದೆ. ಗೋಡೆ ಬೀಳೋ ಸ್ಥಿತಿಯಲ್ಲಿದ್ದರೆ ನಾಗರಿಕ ಸುರಕ್ಷಾ ಸಂಹಿತೆಯ 152ರ ಪ್ರಕಾರ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರ ಹತ್ತಿರ ಹೋಗಬಹುದು, ಅದು ಬೇಗ ಆಗುತ್ತದೆ. ಆದರೆ ಇವು ಯಾವುದರಿಂದಲೂ ರಿಪೇರಿ ದುಡ್ಡು ಬರಲ್ಲ. ದುಡ್ಡಿಗೆ ಸಿವಿಲ್ ದಾವೆಯೇ. ಮನೆ ಇರೋ ಊರಿನ ಸಿವಿಲ್ ಕೋರ್ಟು, ಬೆಂಗಳೂರು ನಗರವಾದರೆ ಸಿಟಿ ಸಿವಿಲ್ ಕೋರ್ಟು.

ವಿಜಯನಗರ_ವಿನಯ್
ತಕ್ಷಣ ಸ್ಟೇ ತನ್ನಿ. ಕೆಲಸ ನಿಂತರೆ ಅವರೇ ಓಡಿ ಬರ್ತಾರೆ ರಾಜಿಗೆ.

ಮಣ್ಣುಪರೀಕ್ಷೆ
@ವಿಜಯನಗರ_ವಿನಯ್ ದಯವಿಟ್ಟು ಈ ಸಲಹೆ ಕೊಡಬೇಡಿ! ಬರೀ "ಕೆಲಸ ನಿಲ್ಲಿಸಿ" ಅಂತ ಆದೇಶ ತಂದ್ರೆ ಏನಾಗುತ್ತೆ ಗೊತ್ತಾ? 11 ಅಡಿ ಗುಂಡಿ ಬಾಯಿ ತೆರೆದುಕೊಂಡೇ ಇರುತ್ತೆ. ಆಸರೆ ಇಲ್ಲ, ಮಳೆಗಾಲ ಬರುತ್ತೆ, ನೀರು ತುಂಬುತ್ತೆ. ಪಂಪ್ ಹಾಕೋಕೂ ಯಾರೂ ಬರಲ್ಲ, ಕೇಳಿದ್ರೆ ಕೋರ್ಟ್ ಆರ್ಡರ್ ತೋರಿಸ್ತಾರೆ. ಆಗ ಬಿರುಕಲ್ಲ, ಗೋಡೆಯೇ ಹೋಗುತ್ತೆ. ಅಗೆದಾದ ಮೇಲೆ ಈ ಕಡೆ ಮನೆಗೆ ಇರೋ ಒಂದೇ ರಕ್ಷಣೆ ಆ ರೀಟೇನಿಂಗ್ ವಾಲ್ ಬೇಗ ಏಳೋದು.

ಸಿವಿಲ್_ಸೈಡ್_ವಕೀಲ
ಮಣ್ಣುಪರೀಕ್ಷೆ ಹೇಳಿದ್ದು ನೂರಕ್ಕೆ ನೂರು ಸರಿ. ಪ್ರಾರ್ಥನೆ, ಅಂದರೆ ಕೋರ್ಟಿನಿಂದ ಏನು ಬೇಕು ಅನ್ನೋದನ್ನು ಬರೆಯುವಾಗ ಎರಡು ಭಾಗ ಮಾಡಿ. ಇನ್ನೂ ಆಳ, ಅಗಲ ಅಗೆಯಬಾರದು ಅಂತ ತಡೆಯಾಜ್ಞೆ, ಅದು ಸಿವಿಲ್ ಪ್ರಕ್ರಿಯಾ ಸಂಹಿತೆಯ ಆರ್ಡರ್ 39, ರೂಲ್ 1 ಮತ್ತು 2. ಜೊತೆಗೆ ಇಂತಿಷ್ಟು ದಿನದೊಳಗೆ ಸ್ಟ್ರಕ್ಚರಲ್ ಎಂಜಿನಿಯರ್ ಉಸ್ತುವಾರಿಯಲ್ಲಿ ಆಸರೆ ಕೊಟ್ಟು, ತಡೆಗೋಡೆ ಕಟ್ಟಿ, ಹಿಂದೆ ಮಣ್ಣು ತುಂಬಿ ಗಟ್ಟಿ ಮಾಡಬೇಕು ಅಂತ ನಿರ್ದೇಶನ. ಎರಡನೇ ಭಾಗ ಬಿಟ್ಟ ಅರ್ಜಿ ಅಪಾಯಕಾರಿ.

ಅದೇ ದಿನ ಆರ್ಡರ್ 26, ರೂಲ್ 9ರಲ್ಲಿ ಕೋರ್ಟ್ ಕಮಿಷನರ್ (ಸ್ಥಳ ನೋಡಿ ವರದಿ ಕೊಡೋಕೆ ಕೋರ್ಟು ಕಳಿಸೋ ವ್ಯಕ್ತಿ) ನೇಮಕಕ್ಕೂ ಅರ್ಜಿ ಹಾಕಿ. ಕಮಿಷನರ್ ಜೊತೆ ಎಂಜಿನಿಯರ್ ಇರಲಿ ಅಂತ ಕೇಳಿ. ಗುಂಡಿಯ ಆಳ, ಪಾಯದಿಂದ ದೂರ, ಆಸರೆ ಇದೆಯೋ ಇಲ್ಲವೋ, ಯಾವ ಗೋಡೆಯಲ್ಲಿ ಎಷ್ಟು ಬಿರುಕು ಅಂತ ಪ್ರಶ್ನೆಗಳನ್ನು ಮೆಮೋದಲ್ಲಿ ಬರೆದು ಕೊಡಿ. ಬರೆದು ಕೊಡದಿದ್ದರೆ "ಬಿರುಕುಗಳು ಕಂಡುಬಂದವು" ಅಂತ ಒಂದು ಸಾಲಿನ ವರದಿ ಬರುತ್ತೆ, ಯಾರಿಗೂ ಉಪಯೋಗ ಇಲ್ಲ. ತಡೆಗೋಡೆ ಎದ್ದ ಮೇಲೆ ಗುಂಡಿ ಮುಚ್ಚಿಹೋಗುತ್ತೆ, ಆಮೇಲೆ ಅಳೆಯೋಕೆ ಏನೂ ಉಳಿಯಲ್ಲ.

ಇನ್ನೊಂದು ದೊಡ್ಡ ಗುಂಡಿ ಕಾನೂನಿನಲ್ಲೇ ಇದೆ. ನಿರ್ದಿಷ್ಟ ಪರಿಹಾರ ಕಾಯ್ದೆ 1963ರ 40ನೇ ಸೆಕ್ಷನ್ ಓದಿ. ತಡೆಯಾಜ್ಞೆ ದಾವೆಯಲ್ಲಿ ನಷ್ಟ ಪರಿಹಾರ ಕೇಳದಿದ್ದರೆ ಕೋರ್ಟು ಕೊಡೋ ಹಾಗಿಲ್ಲ. ಆ ದಾವೆ ವಜಾ ಆದರೆ ಅದೇ ವಿಷಯಕ್ಕೆ ಆಮೇಲೆ ಪರಿಹಾರದ ದಾವೆ ಹಾಕೋ ಹಕ್ಕೂ ಹೋಗುತ್ತದೆ. ಫೀಸು ಉಳಿಸೋಕೆ "ಮೊದಲು ಬರೀ ಇಂಜಂಕ್ಷನ್ ಹಾಕೋಣ" ಅನ್ನೋದು ಎಲ್ಲಾ ಕಡೆ ನಡೆಯೋ ತಪ್ಪು. ಮೊತ್ತ ಗೊತ್ತಿಲ್ಲದಿದ್ದರೆ ಈಗಿನ ಅಂದಾಜು ಹಾಕಿ, ಆಮೇಲೆ ತಿದ್ದುಪಡಿ ಮಾಡಿಸಿ.

ಕುಡ್ಲದಕಲ್ಲು
ನಮ್ಮ ಮಂಗಳೂರು ಕಡೆ ಕಥೆ ಸ್ವಲ್ಪ ಬೇರೆ ಮಾರಾಯ್ರೆ. ಇಲ್ಲಿ ಬೇಸ್‌ಮೆಂಟ್‌ಗಿಂತ ಜಾಸ್ತಿ ಗುಡ್ಡ ಕತ್ತರಿಸಿ ಸಮ ಮಾಡುವುದು. ಮೇಲಿನ ಕೆಂಪುಕಲ್ಲು ಗಟ್ಟಿ ಉಂಟು, ಅದರ ಅಡಿಯಲ್ಲಿ ಮೆತ್ತನೆ ಜೇಡಿ. ನೆಟ್ಟಗೆ ಕತ್ತರಿಸಿದರೆ ಜೂನ್‌ವರೆಗೆ ನಿಲ್ತದೆ, ಆಮೇಲೆ ಜೇಡಿ ಜಾರಿ ಮೇಲಿನ ಕಲ್ಲು ಇಡೀ ಕೆಳಗೆ. ಕೆಳಗಿನವ ಕತ್ತರಿಸಿದ್ದು, ಬೀಳುವುದು ಮೇಲಿನವನ ಅಂಗಳ. ಹೊಣೆ ಕತ್ತರಿಸಿದವನದ್ದೇ ಅಲ್ವಾ?

ಸಿವಿಲ್_ಸೈಡ್_ವಕೀಲ
@ಕುಡ್ಲದಕಲ್ಲು ಹೌದು. ಅಂಗಳದ ಮಣ್ಣೇ ಕುಸಿದರೆ ನಿಮ್ಮ ಕೇಸು ಇನ್ನೂ ಗಟ್ಟಿ, ಅದು ನೆಲದ ಸಹಜ ಹಕ್ಕು. ಕಾಲಮಿತಿ 3 ವರ್ಷ. ಕತ್ತರಿಸಿದ ದಿನದಿಂದ ಅಲ್ಲ, ಹಾನಿ ಆದ ದಿನದಿಂದ. ಈಸ್‌ಮೆಂಟ್ ಕಾಯ್ದೆ 34ರ ಪ್ರಕಾರ ಗಣನೀಯ ಹಾನಿ ಆಗುವ ತನಕ ಪರಿಹಾರದ ಹಕ್ಕೇ ಹುಟ್ಟಲ್ಲ. ಲಿಮಿಟೇಶನ್ (ಕಾಲಮಿತಿ) ಕಾಯ್ದೆಯ 23ನೇ ಸೆಕ್ಷನ್ ಅದಕ್ಕೆ ಹೊಂದಿಕೊಂಡಿದೆ.

ಎರಿಹೊಲ_ಧಾರವಾಡ
ನಮ್ಮ ಕಡೆ ಎರಿ ಮಣ್ಣ ಐತ್ರಿ. ಅದು ಬ್ಯಾಸಗಿಗೆ ತಾನ ಬಿರೀತದ, ಮಳಿಗೆ ಉಬ್ಬತದ. ಬಾಜೂದವ್ರು ಅಗದ್ರೂ ಬಿರಕು, ಅಗೀಲಿಲ್ಲಂದ್ರೂ ಬಿರಕು. ಇಲ್ಲಿ ಬರೀ ಬಿರಕಿನ ಫೋಟೋ ಹಿಡಕೊಂಡು ಹೋದ್ರ ಕೇಸ್ ನಿಲ್ಲೂದಿಲ್ಲ. ಅಗಿಯೂಕಿಂತ ಮೊದಲಿನ ಫೋಟೋ ಬೇಕ.

ಥೇಮ್ಸ್_ಕನ್ನಡಿಗ
ಇಂಗ್ಲೆಂಡಿನಲ್ಲಿ ಇದಕ್ಕೇ ಪಾರ್ಟಿ ವಾಲ್ ಕಾಯ್ದೆ 1996 ಇದೆ. ಪಕ್ಕದ ಕಟ್ಟಡದಿಂದ 3 ಮೀಟರ್ ಒಳಗೆ ಅದರ ಪಾಯಕ್ಕಿಂತ ಆಳ ಅಗೆಯುವುದಾದರೆ, ಅಥವಾ 6 ಮೀಟರ್ ಒಳಗೆ ಮೇಲೆ ಹೇಳಿದ 45 ಡಿಗ್ರಿ ಗೆರೆ ದಾಟುವುದಾದರೆ, ಒಂದು ತಿಂಗಳು ಮುಂಚೆ ಬರಹದಲ್ಲಿ ನೋಟಿಸ್ ಕೊಡಲೇಬೇಕು. ಪಕ್ಕದವರು ಒಪ್ಪದಿದ್ದರೆ ಸರ್ವೇಯರ್ ಬಂದು ನಿಯಮ ಹಾಕುತ್ತಾರೆ. ಸಾಮಾನ್ಯವಾಗಿ ಕೆಲಸಕ್ಕೆ ಮುಂಚೆ ಪಕ್ಕದ ಮನೆಯ ಸ್ಥಿತಿಯ ವರದಿಯನ್ನೂ ಮಾಡುತ್ತಾರೆ. "ಬಿರುಕು ಮೊದಲೇ ಇತ್ತಾ" ಅನ್ನೋ ಜಗಳ ಅಲ್ಲಿಗೇ ಬಹುಪಾಲು ಮುಗಿಯುತ್ತದೆ.

ಶಾರದಾ_ಜಯನಗರ
ಅಂಥದ್ದು ಇಲ್ಲಿ ಕಾನೂನಾಗಿ ಇಲ್ಲದಿದ್ದರೂ ಇಬ್ಬರೂ ಒಪ್ಪಿ ಮಾಡಿಕೊಳ್ಳಬಹುದಲ್ಲ. ಪಕ್ಕದ ಸೈಟಿಗೆ ಜೆಸಿಬಿ ಬರೋ ಮುಂಚೆ ಇಬ್ಬರ ಎಂಜಿನಿಯರ್‌ಗಳು ಕೋಣೆ ಕೋಣೆ ನೋಡಿ ಫೋಟೋ ಸಮೇತ ಸಹಿ ಹಾಕಿದರೆ ಅಗೆಯೋರಿಗೂ ಅದು ರಕ್ಷಣೆ. @ಹೊಸಸೈಟು_ರಮೇಶ ನಿಮಗೇ ಹೇಳಿದ್ದು.

ಹೊಸಸೈಟು_ರಮೇಶ
ಒಪ್ಪಿದೆ ಮೇಡಂ. ಹಳೇ ಬಿರುಕಿಗೆಲ್ಲ ನಾವು ದುಡ್ಡು ಕೊಡೋದು ತಪ್ಪುತ್ತೆ. ಇನ್ಶೂರೆನ್ಸ್ ಮಾಡಿಸಿದ್ರೆ?

ಪಾಲಿಸಿ_ಓದುವವ
@ಹೊಸಸೈಟು_ರಮೇಶ ಕಟ್ಟೋರಿಗೆ ಕಂಟ್ರಾಕ್ಟರ್ಸ್ ಆಲ್ ರಿಸ್ಕ್ ಪಾಲಿಸಿ ಸಿಗುತ್ತೆ, ಅದರಲ್ಲಿ ಮೂರನೇ ವ್ಯಕ್ತಿಗೆ ಆಗೋ ಹಾನಿಯ ಭಾಗ ಇರುತ್ತೆ. ಆದರೆ ಕಂಪನದಿಂದ, ಆಧಾರ ತೆಗೆದಿದ್ದರಿಂದ ಅಥವಾ ದುರ್ಬಲ ಮಾಡಿದ್ದರಿಂದ ಆದ ಹಾನಿಯನ್ನು ಮೂಲ ಪಾಲಿಸಿ ಹೊರಗಿಡುತ್ತೆ. ಪ್ರತ್ಯೇಕ ಎಂಡಾರ್ಸ್‌ಮೆಂಟ್ (ಪಾಲಿಸಿಗೆ ಸೇರಿಸೋ ಹೆಚ್ಚುವರಿ ಷರತ್ತು) ತಗೋಬೇಕು. ಅದಿಲ್ಲದ ಪಾಲಿಸಿ ಬೇಸ್‌ಮೆಂಟ್ ಕೆಲಸಕ್ಕೆ ಉಪಯೋಗ ಇಲ್ಲ.

ಬಿರುಕು ಬಿಟ್ಟ ಮನೆಯವರು ತಮ್ಮ ಭಾರತ್ ಗೃಹ ರಕ್ಷಾ ಅನ್ನೋ ಮನೆ ವಿಮೆ ಪಾಲಿಸಿ ಇದೆ ಅಂತ ನೆಮ್ಮದಿಯಾಗಿ ಇರಬೇಡಿ. ನೆಲ ಕುಸಿತ ಅದರಲ್ಲಿ ಸೇರಿದೆ, ಆದರೆ ನಿರ್ಮಾಣ, ಕೆಡಹುವಿಕೆ, ಅಗೆತದಿಂದ ಆದ ಕುಸಿತ ಹೊರಗೆ. ಷರತ್ತಿನ ಪುಟ ತೆಗೆದು ಓದಿ.

ಪೇಟೆ_ಹುಡುಗ
ಇದೇ ಥರ ರಸ್ತೆ ಬದಿ ಮರ ಬಿದ್ದು ಕಾರು ಜಖಂ ಆದ್ರೆ ಪಾಲಿಕೆ ಹೊಣೆನಾ?

ಸಿವಿಲ್_ಸೈಡ್_ವಕೀಲ
@ಪೇಟೆ_ಹುಡುಗ ಬೇರೆ ಎಳೆ ಬೇಕಾಗುತ್ತೆ ಅದಕ್ಕೆ. ಚುಟುಕಾಗಿ: ರಾಜಕೋಟ್ ಪಾಲಿಕೆ ಪ್ರಕರಣದಲ್ಲಿ (1997) ಮರ ಬಿದ್ದು ಒಬ್ಬರು ಸತ್ತರೂ ಸುಪ್ರೀಂ ಕೋರ್ಟ್ ಪಾಲಿಕೆಯನ್ನು ಹೊಣೆ ಮಾಡಲಿಲ್ಲ. ದೆಹಲಿ ಚಾಂದನಿ ಚೌಕದ ಗಡಿಯಾರ ಗೋಪುರ ಕುಸಿದ ಪ್ರಕರಣದಲ್ಲಿ (1966) ಹೊಣೆ ಮಾಡಿತು, ಗೋಪುರ ಪಾಲಿಕೆಯ ಸುಪರ್ದಿಯಲ್ಲೇ ಇತ್ತು, ಕುಸಿದದ್ದೇ ನಿರ್ಲಕ್ಷ್ಯಕ್ಕೆ ಸಾಕ್ಷಿ ಅಂತ. ಒಣಗಿದ ಮರದ ಬಗ್ಗೆ ಮುಂಚೆಯೇ ಲಿಖಿತ ದೂರು ಕೊಟ್ಟಿದ್ದರೆ ಮಾತು ಬೇರೆ.

ವಿಜಯನಗರ_ವಿನಯ್
ಸರಿ, ಸ್ಟೇ ಬಗ್ಗೆ ನಾನು ಹೇಳಿದ್ದು ಬಿಡಿ. ಈ ಕಡೆ ಮನೆಯವರು ಪ್ಲಾನ್ ಮೀರಿ ಒಂದು ಮಹಡಿ ಹೆಚ್ಚು ಕಟ್ಟಿದ್ರೆ? ಎಷ್ಟೋ ಮನೆ ಹಾಗೇ ಇವೆಯಲ್ಲ.

ಸಿವಿಲ್_ಸೈಡ್_ವಕೀಲ
@ವಿಜಯನಗರ_ವಿನಯ್ ಅದು ಎದುರು ಪಕ್ಷದ ಮೊದಲ ವಾದವೇ ಆಗಿರುತ್ತೆ. ಅದರಿಂದ ಕೇಸು ಪೂರ್ತಿ ಬೀಳಲ್ಲ. ಅನಧಿಕೃತ ಮಹಡಿ ಇದೆ ಅಂತ ಪಕ್ಕದವರಿಗೆ ಪಾಯ ಅಲುಗಿಸೋ ಪರವಾನಗಿ ಸಿಗಲ್ಲ. ಆದರೆ ಹೆಚ್ಚುವರಿ ಭಾರವೂ ಹಾನಿಗೆ ಕಾರಣ ಅಂತ ತೋರಿಸಿದರೆ ಪಾಲು ನಿರ್ಲಕ್ಷ್ಯ (ಹಾನಿಯಲ್ಲಿ ವಾದಿಯ ತಪ್ಪೂ ಇದೆ) ಅಂತ ಪರಿಹಾರ ಕಡಿತ ಆಗಬಹುದು, "ಸಹಜ ನೆಲ" ವಾದವೂ ಸಡಿಲ ಆಗುತ್ತೆ. ಮುಚ್ಚಿಡಬೇಡಿ, ಪಾಟೀಸವಾಲಿನಲ್ಲಿ ಹೊರಬಂದರೆ ಉಳಿದ ಸಾಕ್ಷ್ಯದ ಮೇಲೂ ನಂಬಿಕೆ ಹೋಗುತ್ತೆ.

ಗುಂಡಪ್ಪನ_ಬೀದಿ
ಪರಿಹಾರದ ಪಟ್ಟಿಯಲ್ಲಿ ಏನೇನು ಬರುತ್ತೆ? ಬರೀ ರಿಪೇರಿ ಖರ್ಚಾ?

ಮಣ್ಣುಪರೀಕ್ಷೆ
ಪಾಯದ ಕೆಳಗೆ ಆಧಾರ ಕೊಡೋದು, ಅಂದ್ರೆ ಅಂಡರ್‌ಪಿನ್ನಿಂಗ್, ಮೊದಲ ಐಟಂ. ಅದು ಬಿಟ್ಟು ಬರೀ ಬಿರುಕು ತುಂಬಿಸೋ ಎಸ್ಟಿಮೇಟ್ ಹಾಕಿದ್ರೆ ಆರು ತಿಂಗಳಿಗೆ ಅದೇ ಜಾಗ ಮತ್ತೆ ಬಿಡುತ್ತೆ. ಆಮೇಲೆ ಬಿರುಕು ಹೊಲಿಯೋದು (ಅಡ್ಡಲಾಗಿ ಸರಳು ಕೂರಿಸಿ ಎರಡೂ ಬದಿ ಕೂಡಿಸೋದು), ಟೈಲ್, ಬಾಗಿಲು, ನೀರು ಮತ್ತು ಒಳಚರಂಡಿ ಪೈಪು. ಪೈಪ್ ಯಾರೂ ನೋಡಲ್ಲ, ನೆಲ ಇಳಿದಾಗ ಮೊದಲು ಬಿಡೋದೇ ಅದರ ಜಾಯಿಂಟು. ಲೋಕೋಪಯೋಗಿ ಇಲಾಖೆಯ ಎಸ್‌ಆರ್ ದರದಲ್ಲಿ (ಇಲಾಖೆಯ ನಿಗದಿತ ದರಪಟ್ಟಿ) ಎಸ್ಟಿಮೇಟ್ ಮಾಡಿಸಿ, ಪ್ರಶ್ನೆ ಮಾಡೋದು ಕಷ್ಟ.

ಸಿವಿಲ್_ಸೈಡ್_ವಕೀಲ
ಅದಕ್ಕೆ ರಿಪೇರಿ ಮುಗಿಯೋ ತನಕ ಬೇರೆ ಮನೆ ಬಾಡಿಗೆ, ಸಾಮಾನು ಸಾಗಿಸಿದ ಖರ್ಚು, ಎಂಜಿನಿಯರ್ ಶುಲ್ಕ, ಬಾಡಿಗೆದಾರರು ಬಿಟ್ಟುಹೋಗಿದ್ದರೆ ಆ ನಷ್ಟ, ಬಡ್ಡಿ. ಹಾನಿ ಹೆಚ್ಚದಂತೆ ನೋಡಿಕೊಳ್ಳೋದು ವಾದಿಯ ಹೊಣೆಯೂ ಹೌದು. ಹಾಗಾಗಿ ಜಾಕಿ, ಸರ್ವೆ ಮರದ ಆಸರೆ ತಕ್ಷಣ ಕೊಡಿ, ಬಿಲ್ಲು ಇಟ್ಟುಕೊಳ್ಳಿ. ಶಾಶ್ವತ ರಿಪೇರಿ ಮಾತ್ರ ಕಮಿಷನರ್ ನೋಡಿದ ಮೇಲೆ.

ಫೋಟೋ, ವಿಡಿಯೋ ಬಗ್ಗೆ: ಸಾಕ್ಷ್ಯ ಅಧಿನಿಯಮ 2023ರ 63ನೇ ಸೆಕ್ಷನ್ನಿನ ಪ್ರಮಾಣಪತ್ರ ಬೇಕು, ಅದರಲ್ಲಿ ಎರಡು ಭಾಗ, ಒಂದಕ್ಕೆ ತಜ್ಞರ ಸಹಿ. ವಾಟ್ಸಾಪಿನಲ್ಲಿ ಕಳಿಸಿದ ಪ್ರತಿ ಸಾಲದು, ತೆಗೆದ ಫೋನಿನ ಮೂಲ ಫೈಲ್ ಅಳಿಸಬೇಡಿ.

ಕೆಂಪುಮಣ್ಣು
ಎಲ್ಲರಿಗೂ ಧನ್ಯವಾದ. ಒಂದು ಪ್ರಶ್ನೆ ಉಳಿಯಿತು. ಇಂಥ ಕಡೆ ಪಕ್ಕದವರು ಸಾಮಾನ್ಯವಾಗಿ "50,000 ಕೊಡ್ತೀವಿ, ಇನ್ನೇನೂ ಕೇಳಲ್ಲ ಅಂತ ಬರೆದುಕೊಡಿ" ಅಂತಾರೆ. ತಗೋಬಹುದಾ?

ಮಣ್ಣುಪರೀಕ್ಷೆ
ತಡೆಗೋಡೆ ಎದ್ದು, ಹಿಂದೆ ಮಣ್ಣು ತುಂಬಿ, ಒಂದು ಮಳೆಗಾಲ ಕಳೆದು, ಸ್ಕ್ರೂಗಳ ಅಂತರ ಬದಲಾಗೋದು ನಿಲ್ಲೋ ತನಕ ಒಟ್ಟು ಹಾನಿ ಎಷ್ಟು ಅಂತ ಯಾರೂ ಹೇಳೋಕಾಗಲ್ಲ.

ಸಿವಿಲ್_ಸೈಡ್_ವಕೀಲ
@ಕೆಂಪುಮಣ್ಣು ದುಡ್ಡು ತಗೋಬಹುದು, ಆ ಸಾಲಿಗೆ ಸಹಿ ಹಾಕಬಾರದು. "ತಾತ್ಕಾಲಿಕ ಆಸರೆಯ ಖರ್ಚಿಗಾಗಿ, ಉಳಿದ ಹಕ್ಕುಗಳಿಗೆ ಬಾಧೆ ಇಲ್ಲದೆ" ಅಂತ ಬರೆದು ಚೆಕ್ ಅಥವಾ ಬ್ಯಾಂಕ್ ಮೂಲಕ ಪಡೆಯಿರಿ. ಅವರು ಒಪ್ಪದಿದ್ದರೆ ಇಬ್ಬರೂ ಸೇರಿ ಒಬ್ಬ ಎಂಜಿನಿಯರ್‌ನ ನೇಮಿಸಿ, ಅವರ ಎಸ್ಟಿಮೇಟಿನ ಮೊತ್ತಕ್ಕೆ ಬ್ಯಾಂಕ್ ಗ್ಯಾರಂಟಿ ಕೇಳಿ. ಮಾತುಕತೆ ನಡೀತಿದೆ ಅಂತ 3 ವರ್ಷದ ಲೆಕ್ಕ ನಿಲ್ಲಲ್ಲ, ಮೊದಲ ಬಿರುಕು ಕಂಡ ತಾರೀಕು ಬರೆದಿಟ್ಟುಕೊಳ್ಳಿ. ಲೀಗಲ್ ನೋಟಿಸನ್ನು ಮಾಲೀಕ, ಕಂಟ್ರಾಕ್ಟರ್ ಇಬ್ಬರಿಗೂ ಸ್ವೀಕೃತಿ ಸಮೇತ ಸ್ಪೀಡ್ ಪೋಸ್ಟಿನಲ್ಲಿ ಈ ವಾರವೇ ಕಳಿಸಿ, ಎಂಜಿನಿಯರ್ ವರದಿಯ ಪ್ರತಿ ಜೊತೆಗಿರಲಿ.